ಮೈಸೂರಿನಿಂದ ಕಡಲಿಗೆ ಕ್ಯಾಂಪರ್ ವ್ಯಾನ್: ಯಾವ ಘಾಟಿ, ಯಾವ ದಂಡೆ, ಯಾವ ಗಾಡಿ?

ದಸರಾ ಮುಗಿದು ರಸ್ತೆ ಬದಿಯ ಬ್ಯಾರಿಕೇಡ್ ಬಿಚ್ಚುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. "ಒಂದು ಕ್ಯಾರವಾನ್, ಅದೇ ಒಳಗೇ ಮಲಗೋ ಕ್ಯಾಂಪರ್ ವ್ಯಾನ್, ತಗೊಂಡು ಸಮುದ್ರದ ಪಕ್ಕ ಒಂದು ದಿನ ಇದ್ದು ಬರೋಣ ಅಂತಿದೀವಿ. ಮಲ್ಪೆಗೆ ಹೋಗೋದಾ, ಕಣ್ಣೂರಿಗಾ? ವ್ಯಾನೇ ಬೇಕಾ, ಟೆಂಪೋ ಟ್ರಾವೆಲರ್ (ಟಿಟಿ) ಸಾಕಾ?" ಕೇಳುವವರು ಕುವೆಂಪುನಗರದವರಿರಲಿ, ಮಂಡ್ಯದ ಕಡೆಯವರಿರಲಿ, ಎಲ್ಲರೂ ಮೊದಲು ಗಾಡಿ ಗೊತ್ತು ಮಾಡುತ್ತಾರೆ, ಆಮೇಲೆ ಬೀಚು ಹುಡುಕುತ್ತಾರೆ, ದಾರಿಯನ್ನು ಹೊರಡುವ ದಿನ ಮೊಬೈಲಿನಲ್ಲಿ ನೋಡಿಕೊಂಡರಾಯಿತು ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇದು ಪೂರ್ತಿ ತಲೆಕೆಳಗು. ನಮ್ಮೂರಿಗೂ ಕಡಲಿಗೂ ನಡುವೆ ಘಟ್ಟ ಇದೆ. ಯಾವ ಘಾಟಿ ಇಳಿಯುತ್ತೀರಿ ಅನ್ನುವುದು ಗೊತ್ತಾದರೆ ದಂಡೆ ಅರ್ಧ ಗೊತ್ತಾದ ಹಾಗೆ. ಗಾಡಿಯ ಮಾತು ಕೊನೆಗೆ.

ಅಳೆಯಬೇಕಾದ್ದು ಏನೇನು ಅಂತ ಮೊದಲೇ ಹೇಳಿಬಿಡುತ್ತೇನೆ. ಒಂದು, ದಾರಿಯ ಗಂಟೆ. ಕಿಲೋಮೀಟರ್ ಅಲ್ಲ, ಗಂಟೆ. ಎರಡು, ದಂಡೆಯಲ್ಲಿ ಶೌಚಾಲಯ ಮತ್ತು ಮೈ ತೊಳೆಯಲು ಸಿಹಿನೀರು ಇದೆಯೇ. ಮೂರು, ರಾತ್ರಿ ಗಾಡಿ ನಿಲ್ಲಿಸಲು ಕಾಂಪೌಂಡಿನ ಒಳಗೆ ಜಾಗ, ಕರೆಂಟಿಗೆ ಒಂದು ಪ್ಲಗ್. ನಾಲ್ಕು, ಮನೆಯವರ ಊಟ. ಐದನೆಯದು ದುಡ್ಡು, ಅದು ಹೇಗೂ ಎಲ್ಲರಿಗೂ ನೆನಪಿರುತ್ತದೆ.

ಮೂರನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ಅಮೆರಿಕದ ವಿಡಿಯೋಗಳಲ್ಲಿ ಕಾಣುವ ಹಾಗೆ, ಪ್ರತಿ ಗಾಡಿಗೂ ಒಂದು ನಲ್ಲಿ, ಒಂದು ಕರೆಂಟ್ ಕಂಬ, ಕೊಳಚೆ ಬಿಡಲು ಒಂದು ಕೊಳವೆ ಇರುವ ಕ್ಯಾಂಪಿಂಗ್ ಮೈದಾನಗಳು ನಮ್ಮ ಕರಾವಳಿಯುದ್ದಕ್ಕೂ ಸಾಲಾಗಿ ಸಿಗುವುದಿಲ್ಲ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿ ತಂದಿತು. ಆದರೆ ಅಲ್ಲಿಯ ಮೊದಲ ಕ್ಯಾರವಾನ್ ಪಾರ್ಕ್ ತೆರೆದದ್ದು ವಾಗಮಣ್ ಬೆಟ್ಟದಲ್ಲಿ, ಸಮುದ್ರದ ಬದಿಯಲ್ಲಲ್ಲ. ಹಾಗಾಗಿ ವಾಸ್ತವದಲ್ಲಿ ನಮ್ಮ ಕ್ಯಾಂಪಿಂಗ್ ಎಂದರೆ ಹಗಲು ದಂಡೆಯಲ್ಲಿ, ರಾತ್ರಿ ಯಾವುದಾದರೂ ಹೋಂಸ್ಟೇ ಅಂಗಳದಲ್ಲಿ. ಇದನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಸಲೀಸು. ಮರಳಿನ ಮೇಲೇ ಗಾಡಿ ನಿಲ್ಲಿಸಿ ಮಲಗುತ್ತೇವೆ ಅಂದುಕೊಂಡು ಹೋದರೆ ಹನ್ನೊಂದು ಗಂಟೆಗೆ ಪೊಲೀಸರು ಕಿಟಕಿ ತಟ್ಟಿದಾಗ ಬೇಜಾರಾಗುತ್ತದೆ.

ಘಾಟಿಗಳು

ಮೈಸೂರಿನಿಂದ ಕಡಲಿಗೆ ಹತ್ತಿರದ ದಾರಿ ಕಣ್ಣೂರಿನದು. ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ ದಾಟಿ, ಪೆರುಂಬಾಡಿಯಿಂದ ಮಾಕುಟ್ಟ ಘಾಟಿ ಇಳಿದರೆ ಕೂಟುಪುಳ ಚೆಕ್‌ಪೋಸ್ಟ್, ಅಲ್ಲಿಂದ ಇರಿಟ್ಟಿ. ಒಟ್ಟು ಸುಮಾರು 170 ಕಿ.ಮೀ. ವ್ಯಾನಿನಲ್ಲಾದರೆ ತಿಂಡಿಗೆ ನಿಲ್ಲಿಸಿಯೂ 5 ಗಂಟೆ. ಘಾಟಿ ಕಾಡಿನೊಳಗಿದೆ, ಕಿರಿದು. ಎದುರಿಗೆ ಕೇರಳದ ಬಸ್ ಬಂದರೆ ಒಬ್ಬರು ನಿಂತು ಇನ್ನೊಬ್ಬರಿಗೆ ದಾರಿ ಬಿಡಬೇಕಾದ ತಿರುವುಗಳಿವೆ. ಎತ್ತರದ ಗಾಡಿಯಾದರೆ ಬದಿಯ ಕೊಂಬೆ ಚಾವಣಿ ಸವರಿಕೊಂಡು ಹೋಗುತ್ತದೆ. ತಿತಿಮತಿ ಸುತ್ತಿನ ಕಾಡಿನಲ್ಲಿ ಸಂಜೆಯಾದ ಮೇಲೆ ಆನೆ ರಸ್ತೆಗಿಳಿಯುತ್ತದೆ. ಮಳೆಗಾಲದಲ್ಲಿ ಮಣ್ಣು ಕುಸಿದು ಈ ಘಾಟಿಗೆ ದೊಡ್ಡ ಗಾಡಿ ಬಿಡದ ದಿನಗಳೂ ಇವೆ.

ಮಂಗಳೂರು ಕಡೆಯ ದಾರಿ ಎಲ್ಲರಿಗೂ ಗೊತ್ತಿರುವುದೇ: ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ. ಮಂಗಳೂರಿಗೆ 250 ಕಿ.ಮೀ. ಆಸುಪಾಸು. ರಸ್ತೆ ಮಾಕುಟ್ಟಕ್ಕಿಂತ ಅಗಲ, ಉದ್ದಕ್ಕೂ ಊರುಗಳಿವೆ, ಹೋಟೆಲುಗಳಿವೆ, ಪಂಕ್ಚರ್ ಅಂಗಡಿಗಳಿವೆ. ಆದರೆ ಮಡಿಕೇರಿಯಿಂದ ಸಂಪಾಜೆವರೆಗಿನ ಇಳಿಜಾರಿನಲ್ಲಿ ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡದೆ ಇರುವುದಿಲ್ಲ. ಕ್ಯಾರವಾನಿನಲ್ಲಿ ಸೀಟು ಅಡ್ಡಡ್ಡ ಹಾಕಿದ್ದರೆ ದೊಡ್ಡವರೂ ಮಾಡುತ್ತಾರೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜಾರಿ ಈ ರಸ್ತೆಯೇ ಕಡಿದುಹೋಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ವ್ಯಾನ್ ಇಳಿಸುವ ಯೋಚನೆಯೇ ಬೇಡ.

ಮಂಡ್ಯದವರಿಗೆ ಇನ್ನೊಂದು ದಾರಿ ಇದೆ. ಮೈಸೂರಿಗೆ ಬರುವ ಬದಲು ನಾಗಮಂಗಲ, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನದ ಮೇಲೆ ಹೋಗಿ ಶಿರಾಡಿ ಇಳಿಯಬಹುದು. ತಿರುವು ಸಂಪಾಜೆಯಷ್ಟು ಹೊಟ್ಟೆ ತೊಳಸುವುದಿಲ್ಲ. ಅದರ ಬದಲು ಗ್ಯಾಸ್ ಟ್ಯಾಂಕರ್, ಲಾರಿಗಳ ಹಿಂದೆ ತೆವಳಬೇಕು. ವಯಸ್ಸಾದವರು ಜೊತೆಗಿದ್ದರೆ ನಾನು ತೆವಳುವುದನ್ನೇ ಆರಿಸುತ್ತೇನೆ.

ನಾಲ್ಕನೆಯದು ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ಮೇಲೆ ಕೋಳಿಕ್ಕೋಡಿಗೆ. ಸುಮಾರು 210 ಕಿ.ಮೀ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಗೇಟು ಹಾಕಿರುತ್ತಾರೆ. ತಾಮರಶ್ಶೇರಿ ಚುರ ಎಂಬ ಘಾಟಿಯಲ್ಲಿ ಒಂಬತ್ತು ಹೇರ್‌ಪಿನ್ ತಿರುವು. ಭಾನುವಾರ ಸಂಜೆ ಅಲ್ಲಿ ಒಂದು ಲಾರಿ ಕೆಟ್ಟು ನಿಂತರೆ ನಿಮ್ಮ ಸೋಮವಾರದ ಆಫೀಸು ಹೋಯಿತು ಅಂತಲೇ. ಕೆಳಗೆ ಕಾಪ್ಪಾಡ್ ಬೀಚು ಚೆನ್ನಾಗಿದೆ, ನಿಜ. ಆದರೂ ಒಂದು ದಿನದ ಮಟ್ಟಿಗೆ ಈ ದಾರಿಯನ್ನು ನಾನು ಪಟ್ಟಿಯಿಂದ ತೆಗೆದೇಬಿಡುತ್ತೇನೆ.

ದಂಡೆಗಳು

ಕಣ್ಣೂರು ಕಡೆ ಹೋದರೆ ಹೆಚ್ಚಿನವರ ಕಣ್ಣು ಮುಳಪ್ಪಿಲಂಗಾಡ್ ಮೇಲೆ. ತಲಶ್ಶೇರಿ–ಕಣ್ಣೂರು ನಡುವೆ ಸುಮಾರು 4 ಕಿ.ಮೀ. ಉದ್ದಕ್ಕೆ ಗಟ್ಟಿ ಮರಳು. ಅದರ ಮೇಲೆ ಕಾರು ಓಡಿಸುವುದಕ್ಕೇ ಜನ ಬರುತ್ತಾರೆ. ಅಲೆ ಅಲ್ಲಿ ಸೌಮ್ಯ, ಮಕ್ಕಳು ಮೊಣಕಾಲು ನೀರಿನಲ್ಲಿ ಆಡಬಹುದು. ಎದುರಿಗೆ ಧರ್ಮಡಂ ದ್ವೀಪ ಕಾಣುತ್ತದೆ. ಆ ದಿನ ಮರಳಿಗೆ ಗಾಡಿ ಬಿಡುತ್ತಿದ್ದಾರೋ ಇಲ್ಲವೋ ಎಂದು ಸ್ಥಳದಲ್ಲೇ ಕೇಳಿಕೊಂಡು ಇಳಿಯಿರಿ. ಬಿಟ್ಟರೂ ಬಾಡಿಗೆ ಕ್ಯಾಂಪರ್ ವ್ಯಾನನ್ನು ಮರಳಿಗೆ ಇಳಿಸಬೇಡಿ. ನೀರು, ಬ್ಯಾಟರಿ, ಮಂಚ, ಅಡುಗೆ ಕಟ್ಟೆ ಎಲ್ಲ ಸೇರಿ ಭಾರವಾದ ಗಾಡಿ ಒಣ ಮರಳಿನಲ್ಲಿ ಹಿಂದಿನ ಚಕ್ರ ಹೂತುಕೊಂಡರೆ, ಉಬ್ಬರ ಏರುವ ಮೊದಲು ಎಳೆಯಲು ಟ್ರ್ಯಾಕ್ಟರ್ ಹುಡುಕಬೇಕು. ಸ್ವಂತ ಕಾರು ಇಳಿಸುವುದಿದ್ದರೂ ಒದ್ದೆ ಗಟ್ಟಿ ಮರಳಿನ ಪಟ್ಟಿ ಬಿಟ್ಟು ಆಚೀಚೆ ಹೋಗಬೇಡಿ. ಸಂಜೆಯೇ ಸಿಹಿನೀರಿನಲ್ಲಿ ಗಾಡಿಯ ಅಡಿ ತೊಳೆಸಿ, ಉಪ್ಪು ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ.

ಕಣ್ಣೂರಿನ ಕೊರತೆ ಎರಡು. ಮಾಂಸ, ಮೀನು ತಿನ್ನುವವರಿಗೆ ತಲಶ್ಶೇರಿ ಬಿರಿಯಾನಿ, ಕಲ್ಲುಮ್ಮಕಾಯಿ (ಒಂದು ಬಗೆಯ ಚಿಪ್ಪು) ಎಂದು ಹಬ್ಬ. ಆದರೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಅಜ್ಜಿ ಜೊತೆಗಿದ್ದರೆ ಪ್ರತಿ ಊಟಕ್ಕೂ ಹುಡುಕಾಟ. ಇನ್ನೊಂದು ಭಾಷೆ; ಕೆಲಸ ನಡೆಯುತ್ತದೆ, ಆದರೆ ರಾತ್ರಿ ಹತ್ತಕ್ಕೆ ಬಾವಿ ಮೋಟರಿನ ಸ್ವಿಚ್ ಎಲ್ಲಿದೆ ಎಂದು ಕೇಳುವಾಗ ಕನ್ನಡ ಇದ್ದರೆ ಸುಲಭ.

ಮಂಗಳೂರು–ಉಡುಪಿ ಸಾಲಿನಲ್ಲಿ ಆಯ್ಕೆ ಜಾಸ್ತಿ. ಹೆಚ್ಚು ಉತ್ತರಕ್ಕೆ ಹೋಗಲು ಸಮಯವಿಲ್ಲ ಅನ್ನುವವರಿಗೆ ತಣ್ಣೀರುಬಾವಿ ಸಾಕು, ಗಾಳಿಮರಗಳ ನೆರಳಿದೆ, ನಗರ ಪಕ್ಕದಲ್ಲೇ. ಪಣಂಬೂರಿನಲ್ಲಿ ಸೌಕರ್ಯ ಇದೆ, ಜನಜಂಗುಳಿ ಅದಕ್ಕಿಂತ ಹೆಚ್ಚಿದೆ.

ನನ್ನ ಮೊದಲ ಆಯ್ಕೆ ಪಡುಬಿದ್ರಿ. ಸುರತ್ಕಲ್, ಮೂಲ್ಕಿ ದಾಟಿದ ಮೇಲೆ, ಮೈಸೂರಿನಿಂದ ಒಟ್ಟು 285 ಕಿ.ಮೀ. ಸುಮಾರು, 7 ಗಂಟೆಯ ದಾರಿ. 2020ರ ಅಕ್ಟೋಬರಿನಲ್ಲಿ ಭಾರತಕ್ಕೆ ಮೊದಲ ಬಾರಿ ಬ್ಲೂ ಫ್ಲ್ಯಾಗ್ (ಶುಚಿಯಾದ, ಸುರಕ್ಷಿತ ದಂಡೆಗಳಿಗೆ ಕೊಡುವ ಅಂತರರಾಷ್ಟ್ರೀಯ ಬಾವುಟ) ಮಾನ್ಯತೆ ಬಂದಾಗ ಸಿಕ್ಕ ಎಂಟು ದಂಡೆಗಳಲ್ಲಿ ಕರ್ನಾಟಕದವು ಎರಡು: ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಕಾಪ್ಪಾಡ್ ಕೂಡ ಅದೇ ಪಟ್ಟಿಯದು. ಬಾವುಟದ ಹೆಮ್ಮೆ ಒತ್ತಟ್ಟಿಗಿರಲಿ, ನಮಗೆ ಮುಖ್ಯ ಅದರ ಜೊತೆಗೆ ಬರುವ ಸಾಮಾನು: ಶುಚಿಯಾದ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸ್ನಾನಕ್ಕೆ ಶವರ್, ಕಾಯುವ ಲೈಫ್‌ಗಾರ್ಡ್, ಈಜಬಹುದಾದ ಜಾಗಕ್ಕೆ ಗುರುತು. ಒಳಗೆ ಹೋಗಲು ಟಿಕೆಟ್ ಇದೆ, ಮದ್ಯ ನಿಷಿದ್ಧ, ಸಂಜೆಗೆ ಗೇಟು ಹಾಕುತ್ತಾರೆ. ಯಾರಿಗೋ ಇದು ಕಟ್ಟುನಿಟ್ಟು ಅನ್ನಿಸಬಹುದು. ಮನೆಯ ಹೆಂಗಸರನ್ನು ಕೇಳಿನೋಡಿ, ಅವರು ಆ ಟಿಕೆಟ್ಟಿನ ದುಡ್ಡನ್ನು ಖುಷಿಯಿಂದ ಕೊಡುತ್ತಾರೆ. ಒಂದು ಕಡೆ ಕಾಮಿನಿ ಹೊಳೆ, ಇನ್ನೊಂದು ಕಡೆ ಸಮುದ್ರ. ಹೊಳೆ ಕಡಲು ಸೇರುವ ಬಾಯಲ್ಲಿ ಮಾತ್ರ ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಕೆಳಗಿನ ಸೆಳೆತ ಜೋರು. ಈ ಮಾತು ಮೂಲ್ಕಿ ಬಳಿಯ ಸಸಿಹಿತ್ಲಿಗೂ, ಹೊನ್ನಾವರದ ಶರಾವತಿ ಬಾಯಿಗೂ ಸಲ್ಲುತ್ತದೆ.

ಪಡುಬಿದ್ರಿಗೆ ಹತ್ತಿರವೇ ಕಾಪು. 1901ರ ದೀಪಸ್ತಂಭ, ಬಂಡೆ, ಸಂಜೆಯ ಜನ. ಹಗಲು ಪಡುಬಿದ್ರಿಯಲ್ಲಿ ಕಳೆದು ಸೂರ್ಯ ಮುಳುಗುವುದಕ್ಕೆ ಇಲ್ಲಿಗೆ ಬಂದರೆ ಒಂದು ದಿನ ತುಂಬಿಹೋಗುತ್ತದೆ. ಇನ್ನೂ ಮೇಲಕ್ಕೆ ಮಲ್ಪೆ. ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಇಲ್ಲಿಂದಲೇ, ಅಪರೂಪದ ಆ ಕಂಬದಂಥ ಕಲ್ಲುಗಳನ್ನು ಮಕ್ಕಳಿಗೆ ತೋರಿಸಲೇಬೇಕು ಅನ್ನುವವರು ಹೋಗಿ. ಆದರೆ ಶನಿವಾರ ಮಧ್ಯಾಹ್ನ ಮಲ್ಪೆಯಲ್ಲಿ ಉದ್ದ ಗಾಡಿಗೆ ಪಾರ್ಕಿಂಗ್ ಹುಡುಕುವುದು ದಸರೆಯ ದಿನ ಸಯ್ಯಾಜಿ ರಾವ್ ರಸ್ತೆಯಲ್ಲಿ ಕಾರು ನಿಲ್ಲಿಸಲು ಹೊರಟಂತೆ. ಊಟದ ವಿಷಯದಲ್ಲಿ ಈ ಪಟ್ಟಿಗೆ ಸಾಟಿಯಿಲ್ಲ: ಸಸ್ಯಾಹಾರಿಗೆ ಉಡುಪಿ ಮಠದ ಊಟ, ಉಳಿದವರಿಗೆ ಬಂಗುಡೆ ಪುಳಿಮುಂಚಿ, ಅಂಜಲ್ ತವಾ ಫ್ರೈ, ಕೋರಿ ರೊಟ್ಟಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಮೀನಿನ ರೇಟು ಕೇಳಬೇಡಿ.

ಮರವಂತೆಯ ಚಿತ್ರ ನೋಡಿ ಮರುಳಾಗಿ ಅಲ್ಲೇ ರಾತ್ರಿ ಉಳಿಯುತ್ತೇವೆ ಅನ್ನುವವರಿದ್ದಾರೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ, ನೋಡಲು ಅದ್ಭುತವೇ. ಆದರೆ ಆ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿ ಓಡುತ್ತದೆ, ಕೊರೆತ ತಡೆಯಲು ಹಾಕಿದ ಕಲ್ಲುಗಳ ಮೇಲೆ ಮಕ್ಕಳನ್ನು ಬಿಡುವಂತಿಲ್ಲ. ನಿಂತು ಟೀ ಕುಡಿದು ಹೊರಡಬೇಕಾದ ಜಾಗ ಅದು.

ಕಾಸರಕೋಡು ಎಲ್ಲಕ್ಕಿಂತ ಚಂದ. ಶರಾವತಿ ಹಿನ್ನೀರು, ಕಾಂಡ್ಲಾ ಕಾಡಿನ ನಡುವಿನ ಮರದ ಕಾಲುದಾರಿ, ಬ್ಲೂ ಫ್ಲ್ಯಾಗ್ ಸೌಕರ್ಯ. ಮೈಸೂರಿನಿಂದ 400 ಕಿ.ಮೀ. ಮೇಲಾಗುತ್ತದೆ. ಮೂರು ದಿನ ರಜೆ ಇದ್ದರೆ ಕಣ್ಣು ಮುಚ್ಚಿ ಆರಿಸಿ, ಎರಡೇ ದಿನವಾದರೆ ಮರೆತುಬಿಡಿ.

ಗಾಡಿಗಳು

ಈಗ ಕ್ಯಾಂಪರ್ ವ್ಯಾನ್. ಮಂಚ, ಸ್ಟವ್, ಪುಟ್ಟ ಫ್ರಿಜ್, ಒಳಗೇ ಶೌಚಾಲಯ. ಕೇಳಲು ಮನೆಯೇ ಚಕ್ರದ ಮೇಲೆ ಬಂದ ಹಾಗಿದೆ. ಮೂರು ಲೆಕ್ಕ ಹಾಕಿ ನೋಡಿ.

ನೀರು. ಟ್ಯಾಂಕು 100 ಲೀಟರ್ ಅಂತಿಟ್ಟುಕೊಳ್ಳಿ. ಸಮುದ್ರದಲ್ಲಿ ಆಡಿ ಬಂದ ಐದು ಜನ ತಲೆಯ ಮರಳು ಹೋಗುವಂತೆ ಮೀಯಲು ಎಷ್ಟು ಜಿಪುಣತನ ಮಾಡಿದರೂ ತಲಾ 10 ಲೀಟರ್ ಬೇಕು. ಒಂದೇ ಸಲಕ್ಕೆ ಅರ್ಧ ಟ್ಯಾಂಕು ಖಾಲಿ, ಒಳಗಿನ ತೂಬಿನ ತುಂಬ ಮರಳು. ದಂಡೆಯಲ್ಲಿ ಶವರ್ ಇದೆಯೇ ಎಂದು ನಾನು ಒತ್ತಿ ಕೇಳುವುದು ಇದಕ್ಕೇ.

ಶೌಚಾಲಯ. ಹೆಚ್ಚಿನ ವ್ಯಾನುಗಳಲ್ಲಿ ಇರುವುದು ಕ್ಯಾಸೆಟ್ ಟಾಯ್ಲೆಟ್. ಕೆಳಗೆ ಸುಮಾರು 20 ಲೀಟರಿನ ಡಬ್ಬಿ. ಐದು ಜನರ ಮನೆಗೆ ಅದು ಒಂದು ದಿನಕ್ಕೆ ತುಂಬುತ್ತದೆ. ತುಂಬಿದ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ಕುಲುಕದಂತೆ, ಹೋಂಸ್ಟೇ ಹಿತ್ತಲಿನ ಕಕ್ಕಸಿಗೆ ಹೊತ್ತು ಸುರಿದು ತೊಳೆಯುವವರು ಯಾರು ಅಂತ ಮನೆಯಲ್ಲಿ ಮೊದಲೇ ತೀರ್ಮಾನವಾಗಲಿ. ಹೊಳೆಗೆ, ಮರಳಿಗೆ ಸುರಿಯುವ ಮಾತು ಬೇಡವೇ ಬೇಡ.

ಕರೆಂಟು. ಕರಾವಳಿಯ ರಾತ್ರಿ ಮೈಸೂರಿನ ರಾತ್ರಿಯಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ತಗಡಿನ ಗೋಡೆಯೊಳಗೆ ಎಸಿ ಇಲ್ಲದೆ ಮಲಗುವುದು ಆಗದ ಮಾತು. ಒಂದು ಟನ್ ಎಸಿ ಸರಿಸುಮಾರು 1 ಕಿಲೋವ್ಯಾಟ್ ಎಳೆಯುತ್ತದೆ. 12 ವೋಲ್ಟ್, 200 ಆಂಪ್-ಅವರ್ ಬ್ಯಾಟರಿಯಲ್ಲಿ ಇರುವುದೇ 2.4 ಯೂನಿಟ್, ಸಾಮಾನ್ಯ ಲೆಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬಹುದು. ಅಂದರೆ ಒಂದು ಗಂಟೆಯ ತಂಪು. ಉಳಿದ ರಾತ್ರಿಗೆ ಹೊರಗಿನ 15 ಆಂಪ್ ಪ್ಲಗ್ ಬೇಕು. ಕಾಪುವಿನ ಹೋಂಸ್ಟೇ ಯಜಮಾನರೊಬ್ಬರು ಬಹಳ ಮರ್ಯಾದೆಯಿಂದಲೇ ಹೇಳಿದ್ದರು: "ಪ್ಲಗ್ ಉಂಟು, ಆದ್ರೆ ನಿಮ್ಮ ಎಸಿ ಹಾಕಿದ್ರೆ ನಮ್ಮ ಪಂಪು ತಿರುಗುದಿಲ್ಲ ಮಾರಾಯ್ರೆ." ಒಂದೋ ನೀರು, ಒಂದೋ ತಂಪು.

ದುಡ್ಡಿನ ಲೆಕ್ಕದಲ್ಲೂ ಒಂದು ಮರೆಮಾಚು ಇದೆ. ಬಾಡಿಗೆ ವ್ಯಾನುಗಳು ಬಹುಪಾಲು ಬೆಂಗಳೂರಿನವು, ದಿನಕ್ಕೆ ಇಷ್ಟು ಕಿ.ಮೀ. ಎಂಬ ಮಿತಿ ಇರುತ್ತದೆ. ಮಿತಿ 250 ಅಂದುಕೊಂಡರೆ ಎರಡು ದಿನಕ್ಕೆ 500. ಬೆಂಗಳೂರು–ಮೈಸೂರು ಹೋಗಿಬರಲು 290, ಮೈಸೂರು–ಪಡುಬಿದ್ರಿ ಹೋಗಿಬರಲು 570, ಒಟ್ಟು 860. ಹೆಚ್ಚುವರಿ 360 ಕಿ.ಮೀ.ಗೆ ಬೇರೆ ಬಿಲ್ಲು. ಬೋರ್ಡಿನ ಬಣ್ಣವನ್ನೂ ನೋಡಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆ ಕೈಕೊಡಬಹುದು. ಹಳದಿ ಬೋರ್ಡಾದರೆ ಕೇರಳದ ಪರ್ಮಿಟ್, ತೆರಿಗೆ ಯಾರ ತಲೆಗೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಲೈಸೆನ್ಸ್ ಬಗ್ಗೆ ಹೆದರಿಕೆ ಬೇಡ: 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಕಾನೂನು ಬಿಟ್ಟರೂ ಸಂಪಾಜೆ ತಿರುವು ಬಿಡಬೇಕಲ್ಲ; ದೊಡ್ಡ ಗಾಡಿ ಕೈಗೆ ಹತ್ತದವರು ಡ್ರೈವರ್ ಸಮೇತ ತೆಗೆದುಕೊಳ್ಳಿ. ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನುವುದನ್ನು ಗೊತ್ತು ಮಾಡಿ. ನಿದ್ದೆಗೆಟ್ಟವರ ಕೈಯಲ್ಲಿ ಮರುದಿನ ಘಾಟಿ ಹತ್ತಿಸುವಂತಿಲ್ಲ.

ಟೆಂಪೋ ಟ್ರಾವೆಲರ್ ಮೈಸೂರಿನಲ್ಲೂ ಮಂಡ್ಯದಲ್ಲೂ ಮನೆಬಾಗಿಲಿಗೆ ಬರುತ್ತದೆ. ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದು ಲೆಕ್ಕ ಹಿಡಿದು ಮೇಲೆ ಡ್ರೈವರ್ ಭತ್ಯೆ ಸೇರಿಸುವುದು ಸಾಮಾನ್ಯ ಪದ್ಧತಿ; ಪಡುಬಿದ್ರಿಗೆ ಹೋಗಿಬರುವ 570 ಆ ಲೆಕ್ಕದೊಳಗೇ ಬೀಳುತ್ತದೆ. ಮಲಗಲು ಹೋಂಸ್ಟೇಯ ಎರಡು ಕೋಣೆ. ಹತ್ತು ಜನರಿದ್ದರೆ ತಲಾ ಖರ್ಚಿನಲ್ಲಿ ಇದನ್ನು ಮೀರಿಸುವುದು ಕಷ್ಟ. ಕ್ಯಾಂಪಿಂಗ್ ರುಚಿ ಬೇಕೆಂದರೆ ಗ್ಯಾಸ್ ಸ್ಟವ್, ಮಡಚುವ ಮೇಜು ಹಿಂದೆ ಹಾಕಿಕೊಂಡು ಹೋಗಿ, ದಂಡೆಯ ಹೊರಗಿನ ನೆರಳಿನಲ್ಲಿ ಉಪ್ಪಿಟ್ಟು ಮಾಡಿಕೊಳ್ಳಿ.

ಮೂರನೆಯದು ಸ್ವಂತ ಕಾರು, ಒಂದು ಟೆಂಟು. ನಾಲ್ಕು ಜನಕ್ಕೆ ಎಲ್ಲಕ್ಕಿಂತ ಅಗ್ಗ. ಟೆಂಟನ್ನು ದಂಡೆಯ ಮೇಲಲ್ಲ, ಹೋಂಸ್ಟೇಯ ತೆಂಗಿನ ತೋಟದಲ್ಲಿ ಹಾಕಿ, ಕಾಯಿ ಬೀಳುವ ಮರದಿಂದ ದೂರ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಹೂಳಬೇಕು. ಬೆಳಗಿನ ಜಾವ ಇಬ್ಬನಿಗೆ ಟೆಂಟಿನ ಬಟ್ಟೆ ತೊಯ್ದಿರುತ್ತದೆ.

ಯಾರಿಗೆ ಯಾವುದು

ಮಂಡಿ ನೋವಿನ ಅಮ್ಮ, ಪದೇ ಪದೇ ಬಾತ್‌ರೂಮ್ ಕೇಳುವ ಅಪ್ಪ, ಚಿಕ್ಕ ಮಗು ಇದ್ದು, ಕೈಯಲ್ಲಿ ದುಡ್ಡೂ ಇದ್ದರೆ ಕ್ಯಾಂಪರ್ ವ್ಯಾನ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಬೆಲೆ ಇರುವುದು ದಾರಿಯಲ್ಲಿ, ದಂಡೆಯಲ್ಲಲ್ಲ. ದಾರಿಯಲ್ಲಿ ಅಗಲ ಜಾಗ ಕಂಡಲ್ಲಿ ನಿಂತು ಕಾಲು ಚಾಚಬಹುದು, ಶೌಚಾಲಯಕ್ಕೆ ಹೋಟೆಲು ಹುಡುಕಬೇಕಿಲ್ಲ. ಅವರು ಪಡುಬಿದ್ರಿಗೆ ಹೋಗಲಿ. ಮಂಡ್ಯದವರಾದರೆ ಶಿರಾಡಿಯ ಮೇಲೆ. ರಾತ್ರಿ ಅಮ್ಮನಿಗೊಂದು ಕೋಣೆ ಕೂಡ ಹಿಡಿದಿಡಿ, ವ್ಯಾನಿನ ಮಂಚ ಹತ್ತಿಳಿಯುವುದು ಮಂಡಿಗೆ ಒಗ್ಗುವುದಿಲ್ಲ.

ಮೂರು ಮನೆಯವರು ಸೇರಿ ಹೊರಟಿದ್ದರೆ ಟಿಟಿ, ಪಡುಬಿದ್ರಿ ಮತ್ತು ಕಾಪು. ಬೇರೆ ಯೋಚನೆ ಬೇಡ.

ಗಂಡ ಹೆಂಡತಿ, ಅಥವಾ ನಾಲ್ಕು ಜನ ಗೆಳೆಯರು, ಮೀನು ತಿನ್ನುವವರು, ಖರ್ಚು ಹಿಡಿತದಲ್ಲಿರಬೇಕು ಅಂದರೆ ಸ್ವಂತ ಕಾರಿನಲ್ಲಿ ಕಣ್ಣೂರು. ದಾರಿ ಕಡಿಮೆಯಾದಷ್ಟೂ ಕಡಲಿನ ಹೊತ್ತು ಜಾಸ್ತಿ: ಬೆಳಗಿನ ಜಾವ 5ಕ್ಕೆ ಹೊರಟರೆ 10ಕ್ಕೆ ನೀರಿನಲ್ಲಿ ಕಾಲು. ಕಾರಿನಲ್ಲಿ ಬಾಟಲಿ ಇಟ್ಟುಕೊಂಡು ಗಡಿ ದಾಟಬೇಡಿ, ಕೂಟುಪುಳದಲ್ಲಿ ಸುಮ್ಮನೆ ರಗಳೆ.

ತಿಂಗಳಿನ ಲೆಕ್ಕಕ್ಕೆ ಬಂದರೆ ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಆದರೆ ನವೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ನಮ್ಮ ಕಡೆಯ ಟಿಟಿಗಳೆಲ್ಲ ಶಬರಿಮಲೆಗೆ, ಓಂ ಶಕ್ತಿಗೆ ಬುಕ್ ಆಗಿರುತ್ತವೆ. ಟಿಟಿ ಬೇಕಾದವರು ಸಂಕ್ರಾಂತಿ ದಾಟಿಸಿ ಹೊರಡಿ, ರೇಟೂ ಇಳಿದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರದ ನೀರು ಹೆಚ್ಚು ಮೇಲಕ್ಕೆ ಏರುತ್ತದೆ; ಮುಳಪ್ಪಿಲಂಗಾಡ್‌ನಲ್ಲಿ ಕಾರು ಓಡಿಸುವ ಆಸೆಯಿದ್ದರೆ ಪಂಚಾಂಗ ನೋಡಿ ಅಷ್ಟಮಿ ನವಮಿಯ ಕಡೆ ಹೋಗುವುದು ವಾಸಿ.

ಭಾನುವಾರ ವಾಪಸ್ ಹೊರಡುವ ಹೊತ್ತನ್ನು ಶನಿವಾರ ರಾತ್ರಿಯೇ ಎಲ್ಲರಿಗೂ ಹೇಳಿಬಿಡಿ. ಪಡುಬಿದ್ರಿಯಿಂದಾದರೆ ಮಧ್ಯಾಹ್ನ 1 ಗಂಟೆ, ಬೆಳಕಿರುವಾಗಲೇ ಸಂಪಾಜೆ ಹತ್ತಿ ಮಡಿಕೇರಿ ಸೇರಬಹುದು. ಕಣ್ಣೂರಿನಿಂದಾದರೆ 2 ಗಂಟೆ, ಕತ್ತಲಾಗುವ ಮೊದಲು ತಿತಿಮತಿಯ ಕಾಡು ದಾಟಬೇಕು. ಮಕ್ಕಳು ಇನ್ನೊಂದು ಸಲ ನೀರಿಗೆ ಅನ್ನುತ್ತಾರೆ. ಅದನ್ನು ಬೆಳಿಗ್ಗೆ ಏಳು ಗಂಟೆಗೇ ಮುಗಿಸಿಬಿಡಿ, ಆಗ ಬಿಸಿಲೂ ಇರುವುದಿಲ್ಲ, ಜನವೂ ಇರುವುದಿಲ್ಲ.